ಓಆರ್‌ಎಸ್ಸೋ, ಗ್ಲೂಕೋಸ್ ಪುಡಿಯೋ?

ಬೇಧಿ ಶುರುವಾದಾಗ ಮೆಡಿಕಲ್ ಶಾಪ್‌ನಲ್ಲಿ ಓಆರ್‌ಎಸ್ (ಮೈಯಿಂದ ಹೋದ ನೀರು, ಲವಣ ತುಂಬಿಕೊಳ್ಳಲು ನೀರಲ್ಲಿ ಕಲಸಿ ಕುಡಿಯುವ ಪುಡಿ), ಗ್ಲೂಕೋಸ್ ಎರಡೂ ಪುಡಿ ಸಿಗುತ್ತವೆ. ಎರಡೂ ಒಂದೇ ಅಲ್ವಾ ಅನ್ನುವವರೇ ಜಾಸ್ತಿ. ಒಂದೇ ಅಲ್ಲ.

ಗ್ಲೂಕೋಸ್ ಪುಡಿ ಬಹುಪಾಲು ಬರೀ ಸಕ್ಕರೆ. ಬಿಸಿಲಲ್ಲಿ ಆಡಿ ಬಂದವರಿಗೆ ಪರವಾಗಿಲ್ಲ. ಬೇಧಿಯಲ್ಲಿ ಮಾತ್ರ ಸಿಹಿ ಹೆಚ್ಚಾದರೆ ಅದು ಕರುಳಿನೊಳಗೆ ನೀರು ಸೆಳೆಯುತ್ತದೆ, ಬೇಧಿ ಇನ್ನೂ ಜೋರಾಗಬಹುದು.

ಓಆರ್‌ಎಸ್‌ನಲ್ಲಿ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ 1 ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್. ಗ್ಲೂಕೋಸ್, ಉಪ್ಪು ಜೊತೆಯಾಗಿ ಕರುಳಿನ ಗೋಡೆ ದಾಟುತ್ತವೆ, ನೀರು ಅವುಗಳ ಬೆನ್ನಿಗೇ ಹೋಗುತ್ತದೆ. ರುಚಿ? ಕಣ್ಣೀರಿನ ಹಾಗೆ ಸ್ವಲ್ಪ ಉಪ್ಪುಪ್ಪು. ನಮ್ಮ ಮನೆಯಲ್ಲಿ ಮಗು ಮುಖ ಸಿಂಡರಿಸಿತು ಅಂತ ಅಜ್ಜಿ ಅದಕ್ಕೆ ಎರಡು ಚಮಚ ಸಕ್ಕರೆ ಹಾಕಿದ್ದರು. ಹಾಗೆ ಮಾಡಿದರೆ ಲೆಕ್ಕವೇ ಕೆಟ್ಟಿತು.

ಹಾಗಾಗಿ ಬೇಧಿಗೆ ಓಆರ್‌ಎಸ್ಸೇ ತಗೊಳ್ಳಿ. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಸುಮ್ನೆ ಲೋಟಕ್ಕೆ ಸುರಿಯಬೇಡಿ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ, ಅಷ್ಟೂ ಕುದಿಸಿ ಆರಿಸಿದ ನೀರಿಗೆ ಇಡೀ ಪುಡಿ ಹಾಕಿ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಯಾವ ಪುಡಿಯನ್ನೂ ನೆಚ್ಚಿ ಕೂರದೆ ಡಾಕ್ಟರ ಹತ್ತಿರ ಹೋಗಿ.