ಯಾರ್ಕ್‌ಷೈರ್‌ನ ಕಲ್ಲಿದ್ದಲು ಗಣಿ ಮ್ಯೂಸಿಯಂ: ನೀರಿನ ಹೊಂಡ ನೋಡದೆ ಬರಬೇಡಿ

ಲೀಡ್ಸ್ ಸುತ್ತಮುತ್ತ ಇರುವ ಕನ್ನಡದವರು, ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗೋದು ಎಂದು ಆಗಾಗ ಕೇಳುತ್ತಾರೆ. ಕೋಟೆ, ಚರ್ಚು ನೋಡಿ ಸಾಕಾಗಿದ್ದರೆ ಓವರ್ಟನ್‌ನ ನ್ಯಾಷನಲ್ ಕೋಲ್ ಮೈನಿಂಗ್ ಮ್ಯೂಸಿಯಂಗೆ ಹೋಗಿ. ವೇಕ್‌ಫೀಲ್ಡ್‌ನಿಂದ ಹಡರ್ಸ್‌ಫೀಲ್ಡ್‌ಗೆ ಹೋಗುವ ರಸ್ತೆಯಲ್ಲೇ ಇದೆ. ನಾನು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರು ಕೆಜಿಎಫ್ ಚಿನ್ನದ ಗಣಿಯಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದವರು. ಹಾಗಾಗಿ ಈ ವಿಮರ್ಶೆಯಲ್ಲಿ ಕಲ್ಲಿದ್ದಲಿಗಿಂತ ನೀರೇ ಜಾಸ್ತಿ, ಬೇಜಾರು ಮಾಡಿಕೊಳ್ಳಬೇಡಿ.

ಇದು ಬೊಂಬೆ ನಿಲ್ಲಿಸಿದ ಮ್ಯೂಸಿಯಂ ಅಲ್ಲ. ಕ್ಯಾಪ್‌ಹೌಸ್ ಎಂಬ ನಿಜವಾದ ಗಣಿ. 1985ರಲ್ಲಿ ಮುಚ್ಚಿತು, 1988ರಲ್ಲಿ ಮ್ಯೂಸಿಯಂ ಆಯಿತು. ಮೊಬೈಲು, ವಾಚು, ಬ್ಯಾಟರಿ ಇರುವ ಕಾರಿನ ಕೀ ಎಲ್ಲ ಮೇಲೇ ಒಪ್ಪಿಸಬೇಕು, ಮೀಥೇನ್ ಅನಿಲದ ಭಯಕ್ಕೆ. ಹೆಲ್ಮೆಟ್ಟು, ತಲೆದೀಪ ಕೊಡುತ್ತಾರೆ. ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟ್‌ನಲ್ಲಿ, 140 ಮೀಟರ್ ಕೆಳಗೆ. ಅಪ್ಪನಿಗೆ ಇದು ಲೆಕ್ಕವೇ ಅಲ್ಲ, ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ. ಆದರೂ ಕೇಜ್ ಬಾಗಿಲು ಹಾಕಿದ ಕೂಡಲೇ ಮಾತು ನಿಲ್ಲಿಸಿ ನೆಟ್ಟಗೆ ನಿಂತರು.

ನಮ್ಮ ಗೈಡ್ ಗಣಿಯಲ್ಲೇ ದುಡಿದವರು. ಬಾಯಿಪಾಠ ಒಪ್ಪಿಸುವ ಜಾತಿ ಅಲ್ಲ. ಕುದುರೆಗಳು, ಮಕ್ಕಳ ದುಡಿಮೆ, ಯಂತ್ರಗಳು ಎಲ್ಲವನ್ನೂ ಚೆನ್ನಾಗಿ ತೋರಿಸಿದರು. ಅಪ್ಪ ಮಾತ್ರ ಕಾಲ ಕೆಳಗೇ ನೋಡುತ್ತಿದ್ದರು. ‘ನೆಲ ಇಷ್ಟು ಒಣಗಿದೆ ಅಂದ್ರೆ ಎಲ್ಲೋ ಪಂಪ್ ಓಡ್ತಾ ಇದೆ ಕಣೋ, ಕೇಳು ಅವರನ್ನ’ ಅಂದರು. ಕೇಳಿದೆ. ಹೌದು, ಪಂಪ್ ಓಡುತ್ತಿದೆ. ನೀರೆತ್ತುವುದು ಪಕ್ಕದ ಹೋಪ್ ಪಿಟ್ ಎಂಬ ಹಳೇ ಗಣಿಯಲ್ಲಿ. ನಿಲ್ಲಿಸಿದರೆ ಮ್ಯೂಸಿಯಂ ನೀರೊಳಗೆ.

ಜನ ಸಾಮಾನ್ಯವಾಗಿ ಮೇಲೆ ಬಂದು ಟೀ ಕುಡಿದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೋಪ್ ಪಿಟ್ ಕಡೆ ನಡೆಯಿರಿ. ಅದಕ್ಕೆ ಟಿಕೆಟ್ಟೂ ಇಲ್ಲ. ನನಗೆ ಅತಿ ಹೆಚ್ಚು ಹಿಡಿಸಿದ್ದು ಅದೇ. ಗಣಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೊಂಡಕ್ಕೆ ಹೋಗುತ್ತದೆ, ಅಲ್ಲಿಂದ ಜೊಂಡು ಬೆಳೆದ ಪಾತಿಗಳಿಗೆ. ಹೊಂಡದ ತುಂಬ ಕಾವಿ ಬಣ್ಣ. ಬೋರ್‌ವೆಲ್ ನೀರು ಬಕೆಟ್‌ನಲ್ಲಿ ಇಟ್ಟರೆ ಮಾರನೇ ದಿನ ಕೆಂಪಗೆ ಅಡಿ ಕಟ್ಟುತ್ತದಲ್ಲ, ಹಾಗೆ.

ಅದರ ಕತೆ ಇಷ್ಟು. ಕಲ್ಲಿದ್ದಲಿನ ಜೊತೆ ಪೈರೈಟ್ ಇರುತ್ತದೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಅಗೆದು ನೀರು ಹೊರಹಾಕಿದಾಗ ಅದಕ್ಕೆ ಗಾಳಿ ತಾಗಿ ಆಮ್ಲ, ಕಬ್ಬಿಣದ ಲವಣ ಹುಟ್ಟುತ್ತವೆ. ಗಣಿ ಮುಚ್ಚಿ ಪಂಪ್ ನಿಲ್ಲಿಸಿದರೆ ಅಂತರ್ಜಲ ಮೆಲ್ಲಗೆ ಮೇಲೇರಿ ಅದನ್ನೆಲ್ಲ ಕರಗಿಸಿಕೊಂಡು, ವರ್ಷಗಳ ನಂತರ ಯಾವುದೋ ಹಳೇ ಸುರಂಗದಿಂದ ಹೊಳೆಗೆ ಬೀಳುತ್ತದೆ. ಭೂಮಿಯೊಳಗೆ ತಿಳಿಯಾಗೇ ಕಾಣುವ ನೀರು, ಗಾಳಿ ಸೋಕಿದ ಮೇಲೆ ಕೆಂಪಾಗುತ್ತದೆ. ಆ ಕೆಸರು ಹೊಳೆಯ ತಳವನ್ನು ಮುಚ್ಚಿದರೆ ಹುಳ ಇಲ್ಲ, ಮೀನೂ ಇಲ್ಲ. ಇಲ್ಲಿ ಮೆಟ್ಟಿಲು ಮಾಡಿರುವುದು ಬೇಕೆಂದೇ ಗಾಳಿ ಸೇರಿಸೋಕೆ. ಕಬ್ಬಿಣ ಹೊಂಡದಲ್ಲಿ ತಂಗುತ್ತದೆ, ಉಳಿದದ್ದನ್ನು ಜೊಂಡು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಗಣಿ ನೀರು ಶುದ್ಧ ಮಾಡುವ ಇಂಥ ವ್ಯವಸ್ಥೆಗಳು 80ಕ್ಕೂ ಹೆಚ್ಚು ಇವೆ. ನೋಡಿಕೊಳ್ಳುವುದು ಸರ್ಕಾರದ ಸಂಸ್ಥೆ. ಹಿಂದೆ ಕೋಲ್ ಅಥಾರಿಟಿ ಅಂತಿತ್ತು, 2024ರಲ್ಲಿ ಹೆಸರು ಬದಲಾಯಿತು. ಗೇಟ್ಸ್‌ಹೆಡ್‌ನಲ್ಲಂತೂ 2023ರಿಂದ ಹಳೇ ಗಣಿಗಳ ಬೆಚ್ಚನೆಯ ನೀರಿನ ಶಾಖವನ್ನೇ ಎತ್ತಿ ಮನೆಗಳಿಗೆ ಕೊಡುತ್ತಿದ್ದಾರೆ.

ಹಳೇ ಗಣಿಯಲ್ಲಿ ನಿಂತ ನೀರು ಬರೀ ಹೊಳೆ ಕೆಡಿಸಿ ಸುಮ್ಮನಿರುವುದಿಲ್ಲ. ಇಲ್ಲಿಂದ ಕೆಲವೇ ಮೈಲಿ ದೂರದ ಲಾಫ್ಟ್‌ಹೌಸ್‌ನಲ್ಲಿ 1973ರ ಮಾರ್ಚ್ 21ರಂದು, ಕಲ್ಲಿದ್ದಲು ಕಡಿಯುತ್ತಿದ್ದ ಜಾಗ 19ನೇ ಶತಮಾನದ ನೀರು ತುಂಬಿದ ಹಳೇ ಗಣಿಗೆ ಒಡೆದುಕೊಂಡಿತು. 7 ಜನ ಸತ್ತರು. ಸಿಕ್ಕಿದ್ದು ಒಂದೇ ಶವ. ನಮ್ಮಲ್ಲಿ ಧನಬಾದ್ ಹತ್ತಿರದ ಚಾಸ್ನಾಲಾದಲ್ಲಿ 1975ರ ಡಿಸೆಂಬರ್ 27ರಂದು ಹೀಗೇ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಹೋದರು. ಚಾಸ್ನಾಲಾ ಸುದ್ದಿ ಬಂದ ದಿನ ಕೆಜಿಎಫ್‌ನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತಿತ್ತಂತೆ, ಅಪ್ಪ ಹೊಂಡದ ಬೇಲಿ ಹಿಡಿದುಕೊಂಡು ಹೇಳಿದರು.

2001ರಲ್ಲಿ ಕೆಜಿಎಫ್ ಮುಚ್ಚಿತು. ಪಂಪ್‌ಗಳು ನಿಂತವು. ಶಾಫ್ಟ್‌ಗಳಲ್ಲಿ ನೀರು ತುಂಬಿತು. ‘ಇಲ್ಲಿ ಕಲ್ಲಿದ್ದಲು ತೆಗೆಯೋದು ನಿಲ್ಲಿಸಿ ಇಷ್ಟು ವರ್ಷ ಆದ್ರೂ ಪಂಪ್‌ಗೆ ಕರೆಂಟ್ ಬಿಲ್ ಕಟ್ತಾ ಇದಾರೆ ನೋಡು’ ಅಂದರು. ಹೊಗಳಿದರೋ ಹೊಟ್ಟೆ ಉರಿದುಕೊಂಡರೋ ಗೊತ್ತಾಗಲಿಲ್ಲ.

ಹೋಗುವವರಿಗೆ: ಕೆಳಗಿಳಿಯುವ ಟಿಕೆಟ್ಟನ್ನು ಮೊದಲೇ ಬುಕ್ ಮಾಡಿ. ಮಂಡಿನೋವು ಇರುವವರು, ಇಕ್ಕಟ್ಟಾದ ಜಾಗ ಆಗದವರು ಮೇಲೇ ಇದ್ದುಬಿಡಿ, ಅಲ್ಲೂ ನೋಡುವುದು ಬೇಕಾದಷ್ಟಿದೆ. ಗಟ್ಟಿ ಶೂ ಇರಲಿ, ಸೀರೆ ಬೇಡ. ಹೋಪ್ ಪಿಟ್‌ಗೆ ಮಧ್ಯಾಹ್ನಕ್ಕೆ ಮುಂಚೆಯೇ ಹೋಗಿ, ನಿಧಾನವಾಗಿ ನೋಡಬಹುದು. ನನ್ನ ಕಡೆಯಿಂದ ಐದಕ್ಕೆ ಐದು. ಅಪ್ಪ ನಾಲ್ಕು ಕೊಟ್ಟರು. ಪಂಪನ್ನು ಹತ್ತಿರದಿಂದ ಮುಟ್ಟಿ ನೋಡೋಕೆ ಆಗಲಿಲ್ಲವಂತೆ.