ಸ್ಟ್ರೇಟಮ್, ಲ್ಯಾಮಿನಾ, ಟ್ಯೂನಿಕಾ: ಚಾರ್ಟಿಗೆ ಯಾವುದು?

ವಿಜ್ಞಾನ ಪ್ರದರ್ಶನದ ಚಾರ್ಟುಗಳಲ್ಲಿ 'ಪದರ'ದ ಪಕ್ಕ ಈ ಮೂರರಲ್ಲಿ ಯಾವುದನ್ನು ಬರೆಯಲಿ ಎಂದು ಕೋಲಾರದ ಮೇಷ್ಟ್ರೊಬ್ಬರು ಕೇಳಿದ್ದಾರೆ. ಮೂರೂ ಲ್ಯಾಟಿನ್ ಮೂಲದವೇ. ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಮೊದಲು ಮೂಲಾರ್ಥ. ಸ್ಟ್ರೇಟಮ್ ಅಂದರೆ ಹಾಸಿದ್ದು, ಹರಡಿದ್ದು. ಇಂಗ್ಲಿಷಿನ 'ಸ್ಟ್ರೀಟ್' ಕೂಡ ಇದೇ ಬೇರಿನದು. ಲ್ಯಾಮಿನಾ ಅಂದರೆ ತೆಳು ತಗಡು. ಟ್ಯೂನಿಕಾ ರೋಮನ್ನರು ತೊಡುತ್ತಿದ್ದ ಅಂಗಿ, ಅಂದರೆ ಸುತ್ತ ಹೊದ್ದದ್ದು. ರಕ್ತನಾಳದ ಗೋಡೆಯ ಮೂರು ಪದರಗಳಿಗೆ ಟ್ಯೂನಿಕಾ ಎಂದೇ ಹೆಸರು. ಆ ಚಿತ್ರಕ್ಕೆ ಬೇರೆ ಪದ ಹುಡುಕಬೇಡಿ.

ದಪ್ಪ ನೋಡಿ ಆರಿಸೋಣವೆಂದರೆ, ಅದು ಬಂಡೆಯಲ್ಲಿ ಮಾತ್ರ ನಡೆಯುತ್ತದೆ. ಕೆಸರು ಕೂತು ಆದ ಶಿಲೆಯಲ್ಲಿ 1 ಸೆಂ.ಮೀ.ಗಿಂತ ತೆಳುವಾದದ್ದು ಲ್ಯಾಮಿನಾ. ಚರ್ಮದಲ್ಲಾದರೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಪದರವೂ ಸ್ಟ್ರೇಟಮ್ಮೇ. ಎಲೆಯ ಅಗಲ ಭಾಗಕ್ಕೂ ಲ್ಯಾಮಿನಾ ಅನ್ನುತ್ತಾರೆ. ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿದ ಮಕ್ಕಳಿಗೆ ಈ ಪದ ಬೇಗ ಹತ್ತುತ್ತದೆ.

ಊರಿನ ಬಂಡೆ ಬರೆಯುವುದಿದ್ದರೆ ಜೋಪಾನ. ಕೋಲಾರದ ಸುತ್ತಲಿನ ನೈಸ್ (gneiss) ಎಂಬ ಶಿಲೆಯ ಕಪ್ಪು-ಬಿಳಿ ಪಟ್ಟೆಗಳು ಕೆಸರು ಕೂತು ಆದವಲ್ಲ, ಶಾಖ ಮತ್ತು ಒತ್ತಡದಿಂದ ಆದವು. ಅವಕ್ಕೆ ಸ್ಟ್ರೇಟಮ್ ಬೇಡ, ಪಟ್ಟೆ ಅಂತಲೇ ಬರೆಯಿರಿ.

ಬಹುವಚನದಲ್ಲಿ ಸ್ಟ್ರೇಟಮ್ಮೇ ಹೆಚ್ಚು ಕಾಟ ಕೊಡುವುದು. 'ಸ್ಟ್ರೇಟಾ' ಅನ್ನುವುದೇ ಬಹುವಚನ, ಆದರೂ ಎಲ್ಲರೂ 'ಸ್ಟ್ರೇಟಾಗಳು' ಅಂತಾರೆ. ಲ್ಯಾಮಿನಾದ ಬಹುವಚನ 'ಲ್ಯಾಮಿನೇ' (laminae), ಟ್ಯೂನಿಕಾದ್ದು 'ಟ್ಯೂನಿಕೇ' (tunicae).

ಐದನೇ ತರಗತಿಯವರ ಚಾರ್ಟಾದರೆ ಬರೀ 'ಪದರ' ಸಾಕು. ಪಿಯುಸಿ, ನರ್ಸಿಂಗ್ ಮಕ್ಕಳಿಗೆ ಮಾತ್ರ ಲ್ಯಾಟಿನ್ ಹೆಸರೂ ಇರಲಿ.