ಜೋನ್ಸ್ ಬೇಕೇ, ಜೊಹಾನ್ಸೆನ್ ಬೇಕೇ?

2016ರ ಜನವರಿಯಲ್ಲಿ ಅಮೆರಿಕದ ನ್ಯಾಶ್‌ವಿಲ್ ಐಸ್ ಹಾಕಿ ತಂಡ 21 ವರ್ಷದ ರಕ್ಷಣಾ ಆಟಗಾರ ಸೇಥ್ ಜೋನ್ಸ್‌ನನ್ನು ಕೊಲಂಬಸ್ ತಂಡಕ್ಕೆ ಕೊಟ್ಟು, 23ರ ಸೆಂಟರ್ (ದಾಳಿಯ ನಡುವಿನ ಆಟಗಾರ) ರಯಾನ್ ಜೊಹಾನ್ಸೆನ್‌ನನ್ನು ಪಡೆಯಿತು. ಜೊಹಾನ್ಸೆನ್ ಅದಾಗಲೇ ಒಂದೇ ಋತುವಿನಲ್ಲಿ 33 ಗೋಲು ಹೊಡೆದವನು, ಫಲ ಕೈಯಲ್ಲೇ ಇತ್ತು. ಜೋನ್ಸ್ ಇನ್ನೂ ಮಾಗುತ್ತಿದ್ದ. ರಕ್ಷಣಾ ಆಟಗಾರರು ಪಕ್ವವಾಗುವುದೇ ತುಸು ತಡ. ಆಟಗಾರರನ್ನಷ್ಟೇ ತೂಗಿದರೆ ನನ್ನ ಆಯ್ಕೆ ಜೋನ್ಸ್. ಆದರೆ ನ್ಯಾಶ್‌ವಿಲ್ ಬಳಿ ರಕ್ಷಣೆಗೆ ಆಗಲೇ ವೆಬರ್, ಜೋಸಿ ಇದ್ದರು, ಕೊರತೆಯಿದ್ದದ್ದು ಸೆಂಟರ್‌ಗೆ. ಮರುವರ್ಷವೇ ಅದು ಲೀಗ್‌ನ ಅಗ್ರ ಪ್ರಶಸ್ತಿಯಾದ ಸ್ಟಾನ್ಲಿ ಕಪ್‌ನ ಫೈನಲ್ ತಲುಪಿತು (ಪಾಪ, ಗಾಯಾಳು ಜೊಹಾನ್ಸೆನ್ ಫೈನಲ್ ಆಡಲಿಲ್ಲ).

2013ರಲ್ಲಿ ವಾಷಿಂಗ್ಟನ್ ತಂಡ 18ರ ಫೋರ್ಸ್‌ಬರ್ಗ್‌ನನ್ನು ಇದೇ ನ್ಯಾಶ್‌ವಿಲ್‌ಗೆ ಕೊಟ್ಟು 31ರ ಎರಾಟ್‌ನನ್ನು ತಂದದ್ದು ಮಾತ್ರ ಶುದ್ಧ ಅವಸರ. ಫೋರ್ಸ್‌ಬರ್ಗ್ ಮುಂದೆ ನ್ಯಾಶ್‌ವಿಲ್‌ನ ಸಾರ್ವಕಾಲಿಕ ಗೋಲು ದಾಖಲೆ ಬರೆದ.